ಮಲತಾಯಿ ಎಂಬ ಮಾತು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮಗೆ ತಾಯಿಯನ್ನು ಕರೆಯುವ ಮಾತಿಗೆ ಬಡತನವಿಲ್ಲ. ಕನ್ನಡದಲ್ಲಿ ಅವ್ವ, ಮರಾಠಿಯಲ್ಲಿ ಆಯಿ, ಉರ್ದುವಿನಲ್ಲಿ ಅಮ್ಮಿ. ಒಂದೇ ಓಣಿಯಲ್ಲಿ ಮೂರೂ ಕೇಳಿಸುತ್ತವೆ. ಆದರೆ ತಂದೆ ಎರಡನೆಯ ಮದುವೆಯಾದಾಗ ಮನೆಗೆ ಬರುವ ಹೆಣ್ಣುಮಗಳಿಗೆ ನಾವು ಎಂಥ ಹೆಸರು ಕೊಟ್ಟಿದ್ದೇವೆ ಎಂದು ಯೋಚಿಸಿದ್ದೀರಾ?

ಉರ್ದುವಿನಲ್ಲಿ ‘ಸೌತೇಲಿ ಮಾ’, ಮರಾಠಿಯಲ್ಲಿ ‘ಸಾವತ್ರ ಆಯಿ’. ಎರಡರ ಮೂಲವೂ ಸಂಸ್ಕೃತದ ‘ಸಪತ್ನಿ’. ನಮ್ಮ ‘ಸವತಿ’ಯೂ ಅಲ್ಲಿಂದಲೇ ಬಂದದ್ದು. ಮಗುವಿನ ತಾಯಿ ತೀರಿಕೊಂಡ ಮೇಲೆ ಬಂದವಳಿಗೂ ಇದೇ ಹೆಸರು. ಸವತಿಯೇ ಇಲ್ಲದ ಮನೆಯಲ್ಲಿ ಸವತಿಯ ಹೆಸರು! ಕನ್ನಡದ ‘ಮಲತಾಯಿ’ಯನ್ನಂತೂ ನಮ್ಮ ಭಾಷಣಗಳೇ ಕೆಡಿಸಿವೆ. ಗಡಿಭಾಗಕ್ಕೆ ಅನುದಾನ ಬರದಿದ್ದರೆ ‘ಸರ್ಕಾರದ ಮಲತಾಯಿ ಧೋರಣೆ’ ಎನ್ನುತ್ತೇವೆ. ಮಲತಾಯಿ ಬೆಳಿಗ್ಗೆ ಎದ್ದು ಕಟ್ಟಿಕೊಟ್ಟ ಬುತ್ತಿಯನ್ನು ಉಂಡ ಹುಡುಗಿಯೊಬ್ಬಳು ಆ ಸಭೆಯಲ್ಲಿ ಕುಳಿತಿರಬಹುದು. ‘ತಾರತಮ್ಯ’ ಎಂದರೆ ಸಾಲದೇ?

ಇಂಥ ಸಂಬಂಧಕ್ಕೆ ಬೇರೆ ರೀತಿಯಲ್ಲೂ ಹೆಸರಿಡಬಹುದು. ಪವಿತ್ರ ಕುರ್‌ಆನ್‌ನ ನಿಸಾ ಅಧ್ಯಾಯದಲ್ಲಿ (4:23) ಹೆಂಡತಿಯ ಹಿಂದಿನ ಮದುವೆಯ ಹೆಣ್ಣುಮಕ್ಕಳಿಗೆ ‘ರಬಾಇಬ್’ ಎಂಬ ಪದವಿದೆ. ಪಾಲನೆಯಲ್ಲಿ ಬೆಳೆದವರು ಎಂಬುದು ಅದರ ಭಾವ. ಇಲ್ಲಿ ಹೆಸರು ಹುಟ್ಟಿದ್ದು ಪೈಪೋಟಿಯಿಂದಲ್ಲ, ಪಾಲನೆಯಿಂದ. ಹಜರತ್ ಖದೀಜಾ (ರ) ಅವರ ನಿಧನದ ನಂತರ ಪ್ರವಾದಿವರ್ಯರ (ಸ) ಮನೆಗೆ ಬಂದ ಹಜರತ್ ಸೌದಾ (ರ) ಅವರು ಹಜರತ್ ಫಾತಿಮಾ (ರ) ಅವರಿಗೆ ಮಲತಾಯಿಯೇ ಆಗಿದ್ದರೆಂಬುದನ್ನು ನೆನೆಯಿರಿ.

ನಮ್ಮ ದೇಶದ ಕಾನೂನೂ ಇದನ್ನು ಮನಗಂಡಿದೆ. ತಂದೆ-ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯು ‘ತಂದೆ-ತಾಯಿ’ ಎಂಬ ಮಾತಿನೊಳಗೇ ಮಲತಂದೆ, ಮಲತಾಯಿಯರನ್ನೂ ಸೇರಿಸಿದೆ.

ಹಾಗೆಂದು ಹಿರಿಯರೇ, ಬಂದವಳನ್ನು ‘ಅಮ್ಮಿ’ ಎಂದೇ ಕರೆಯಬೇಕೆಂದು ಮಗುವನ್ನು ಗದರಿಸಬೇಡಿ. ಅದಕ್ಕೆ ಆ ಮಾತು ಅಗಲಿದ ತಾಯಿಯದು. ಅದನ್ನು ಬಿಟ್ಟುಕೊಡು ಎಂದರೆ ತಾಯಿಯನ್ನು ಎರಡನೆಯ ಸಲ ಕಳೆದುಕೊಂಡಂತೆ. ‘ಚಿಕ್ಕವ್ವ’, ‘ಛೋಟಿ ಅಮ್ಮಿ’ ಎನ್ನುವುದರಿಂದ ಯಾರ ಜಾಗವೂ ಹೋಗುವುದಿಲ್ಲ. ಯಾವುದು ಬಾಯಿಗೆ ಬರುತ್ತದೋ ಅದನ್ನು ಮಗುವೇ ಆರಿಸಿಕೊಳ್ಳಲಿ. ಶಾಲೆಯ ದಾಖಲೆಯಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆತ್ತವಳ ಹೆಸರು ಹಾಗೆಯೇ ಇರಲಿ.

ಶಿಕ್ಷಕ ಬಂಧುಗಳೇ, ಪಾಲಕರ ಸಭೆಗೆ ಬಂದ ತಾಯಿಯನ್ನು ನೋಡಿ, ‘ಇವರು ನಿನ್ನ ಸ್ವಂತ ತಾಯಿಯೇನು?’ ಎಂದು ನಾಲ್ಕು ಜನರೆದುರು ಕೇಳಬೇಡಿ. ವಿದ್ಯಾರ್ಥಿಗಳೇ, ಗೆಳೆಯನನ್ನು ಆ ಮಾತಿನಿಂದ ಹಂಗಿಸಬೇಡಿ. ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ತಣ್ಣೀರು ಬಟ್ಟೆ ಹಾಕಿ ಕುಳಿತವಳು ತಾನು ಯಾವ ತಾಯಿ ಎಂದು ಕೇಳಿಕೊಂಡಿರುವುದಿಲ್ಲ. ನಾವೂ ಕೇಳದಿರೋಣ.