ಈರುಳ್ಳಿ ಬಂದ ದಾರಿ



ಸ್ವದೇಶ ತೊರೆದು ಅನ್ಯದೇಶಗಳಲ್ಲಿ ನೆಲೆಸಿದ ಅಮೆರಿಕನ್ನರಲ್ಲಿ ಬರ್ಗರ್ ಅಂಗಡಿಗಳ ಕುರಿತು ಎರಡು ಅಭಿಪ್ರಾಯಗಳಿವೆ. ಭಾಷೆ ತಿಳಿಯದ ಊರಿನಲ್ಲಿ ಪರಿಚಿತ ಫಲಕ ಕಂಡಾಗ ಕೆಲವರಿಗೆ ಮನೆ ಸೇರಿದ ಸಮಾಧಾನ. ಇದನ್ನೇ ಉಣ್ಣಲು ಸಮುದ್ರ ದಾಟಬೇಕಿತ್ತೇ ಎಂಬುದು ಮತ್ತೆ ಕೆಲವರ ಬೇಸರ. ಎರಡೂ ನಾಲಿಗೆಯ ಮಾತುಗಳೇ. ಆ ಆಹಾರ ಯಾವ ಹೊಲದಿಂದ ಬಂದಿತೆಂಬ ಪ್ರಶ್ನೆ ಎರಡರಲ್ಲಿಯೂ ಇಲ್ಲ.

ಆ ಪ್ರಶ್ನೆಯ ಮಹತ್ವವನ್ನು ಐಸ್‌ಲ್ಯಾಂಡ್ ದೇಶ ಕಂಡುಕೊಂಡಿತು. ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪದಲ್ಲಿ ಮ್ಯಾಕ್‌ಡೊನಾಲ್ಡ್ಸ್ 1993ರಲ್ಲಿ ಬಾಗಿಲು ತೆರೆಯಿತು. ದ್ವೀಪದಲ್ಲಿ ಮಾಂಸವಿತ್ತು, ಹೈನವಿತ್ತು, ಭೂಗರ್ಭದ ಬಿಸಿನೀರಿನ ಶಾಖದಿಂದ ಗಾಜಿನ ಮನೆಗಳಲ್ಲಿ ಬೆಳೆದ ತರಕಾರಿಯೂ ಇತ್ತು. ಆದರೆ ಕಂಪನಿಯ ಕಟ್ಟಳೆಗಳಿಗೆ ಹೊಂದುವ ಸಾಮಗ್ರಿಯ ಬಹುಪಾಲು ಜರ್ಮನಿಯಿಂದ ಬರಬೇಕಾಗಿತ್ತು.

2008ರಲ್ಲಿ ದೇಶದ ಬ್ಯಾಂಕುಗಳು ಕುಸಿದವು. ಕ್ರೋನಾ ನಾಣ್ಯದ ಮೌಲ್ಯ ಪಾತಾಳಕ್ಕಿಳಿಯಿತು. ಜರ್ಮನಿಯ ಒಂದು ಕಿಲೋ ಈರುಳ್ಳಿಗೆ ಒಳ್ಳೆಯ ವಿಸ್ಕಿ ಬಾಟಲಿಯಷ್ಟು ಬೆಲೆ ತೆರಬೇಕಾಗಿದೆಯೆಂದು ಅಂಗಡಿಗಳ ಒಡೆಯರೇ ಹೇಳಿದರು. 2009ರ ಅಕ್ಟೋಬರ್ ಕೊನೆಗೆ ರೇಕ್ಯಾವಿಕ್ ಪ್ರದೇಶದ ಮೂರೂ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಗಳು ಮುಚ್ಚಿದವು. ಅದೇ ಒಡೆತನದಲ್ಲಿ, ಮೆಟ್ರೋ ಎಂಬ ಹೊಸ ಹೆಸರಿನಲ್ಲಿ, ಸ್ಥಳೀಯ ಸಾಮಗ್ರಿಯ ಬರ್ಗರ್ ಮಾರಾಟಕ್ಕೆ ಬಂದಿತು.

ಮಾಂಸವಿದ್ದೂ ತರಕಾರಿಯಿದ್ದೂ ದ್ವೀಪದ ರೈತನಿಗೆ ಆ ಅಡುಗೆಮನೆಯ ಬಾಗಿಲು ತೆರೆಯಲು ಹದಿನಾರು ವರ್ಷವೂ ಒಂದು ಆರ್ಥಿಕ ಕುಸಿತವೂ ಬೇಕಾದವು. ಅಡುಗೆ ಯಾವ ದೇಶದ್ದೇ ಆಗಿರಲಿ, ಅದರ ಬೇರು ಹತ್ತಿರದ ಮಣ್ಣಿನಲ್ಲಿದ್ದರೆ ಬೆಳೆಯುವವನೂ ಉಣ್ಣುವವನೂ ಜೊತೆಯಾಗಿ ಉಳಿಯುವರು. ಬೆಟ್ಟದ ಊರುಗಳಿಂದ ಪೇಟೆಯ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಹೊಸ ಅಂಗಡಿಯ ಮುಂದೆ ನಿಂತಾಗ ರುಚಿಯನ್ನು ವಿಚಾರಿಸಲಿ. ಈರುಳ್ಳಿ ಎಲ್ಲಿಯದೆಂದೂ ವಿಚಾರಿಸಲಿ.