ಛೇದದಲ್ಲಿ ಅಡಗಿದ್ದು

ಕಾಂತೀಯ ಅನುರಣನದ ವಿಷಯ ಮಾತನಾಡಲು ಕನ್ನಡದ ಮೇಷ್ಟರಿಗೇನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ಅಗತ್ಯ ಬಂದಿತ್ತು. ನನ್ನ ತಮ್ಮನ ಮಿದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆಯಾಗಿ ಕೆಲವು ತಿಂಗಳ ಮೇಲೆ ಎಂ.ಆರ್.ಐ. ಚಿತ್ರದಲ್ಲಿ ಮತ್ತೆ ಬಿಳಿಯ ಮಚ್ಚೆಯೊಂದು ಕಾಣಿಸಿತು. ಗಡ್ಡೆ ಮರಳಿತೋ, ವಿಕಿರಣದಿಂದ ಸತ್ತ ಅಂಗಾಂಶದ ಗುರುತೋ? ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವಂತೆ.

ವೈದ್ಯರು ಅದೇ ಯಂತ್ರದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದರು. ಸಾಮಾನ್ಯ ಚಿತ್ರ ಮುಖ್ಯವಾಗಿ ನೀರಿನ ಹೈಡ್ರೋಜನ್ನಿನಿಂದ ಮೂಡುವುದು. ಇದು ಜೀವಕೋಶಗಳ ಚಯಾಪಚಯದಲ್ಲಿ ತೊಡಗಿದ ಪದಾರ್ಥಗಳದು. ಒಂದೊಂದು ಪದಾರ್ಥದ ಹೈಡ್ರೋಜನ್ ತನ್ನದೇ ಶ್ರುತಿಯಲ್ಲಿ ಮಿಡಿಯುತ್ತದೆ. ನೀರಿನ ದನಿ ಇವುಗಳಿಗಿಂತ ಸಾವಿರಾರು ಪಟ್ಟು ಜೋರಾದ್ದರಿಂದ ಅದನ್ನು ಮೊದಲು ಅಡಗಿಸಬೇಕು. ಆಮೇಲೆ ಶಿಖರಗಳ ಸಾಲೊಂದು ಮೂಡುತ್ತದೆ: ನರಕೋಶಗಳ ಆರೋಗ್ಯ ಸೂಚಿಸುವ ಎನ್-ಅಸಿಟೈಲ್ ಆಸ್ಪಾರ್ಟೇಟ್, ಶಕ್ತಿವ್ಯವಹಾರದ ಕ್ರಿಯಾಟಿನ್, ಕೋಶಪೊರೆಗೆ ಸಂಬಂಧಿಸಿದ ಕೋಲೀನ್. ಗಡ್ಡೆ ಬೆಳೆಯುವಲ್ಲಿ ಸಾಮಾನ್ಯವಾಗಿ ಕೋಲೀನ್ ಏರುತ್ತದೆ.

ವರದಿಯಲ್ಲಿ ಕೋಲೀನ್-ಕ್ರಿಯಾಟಿನ್ ಅನುಪಾತ ಹೆಚ್ಚಾಗಿದೆ ಎಂದು ಓದಿದೊಡನೆ ತಮ್ಮನ ಹೆಂಡತಿ ಕಣ್ಣೀರಿಟ್ಟಳು. ನಾನು, ಶಾಲೆಯಲ್ಲಿ ಕಲಿತ ಭಿನ್ನರಾಶಿಯ ನೆನಪಿನಿಂದ, “ಮೇಲಿನದು ಏರಿತೋ, ಕೆಳಗಿನದು ಇಳಿಯಿತೋ?” ಎಂದೆ. ವೈದ್ಯರು ಕನ್ನಡಕ ತೆಗೆದರು. “ಅದನ್ನೇ ನೋಡಬೇಕು, ಮೇಷ್ಟ್ರೇ” ಎಂದರು.

ಕ್ರಿಯಾಟಿನ್ ಹೆಚ್ಚುಕಡಿಮೆ ಸ್ಥಿರವೆಂಬ ನಂಬಿಕೆಯಿಂದ ಅದನ್ನು ಛೇದದಲ್ಲಿಡುವುದು ರೂಢಿ. ಗಡ್ಡೆಯಲ್ಲಿ, ಸತ್ತ ಅಂಗಾಂಶದಲ್ಲಿ ಅದೂ ಕುಸಿಯಬಹುದು. ಆದ್ದರಿಂದ ಅಡಗಿಸದ ನೀರಿನ ಸಂಕೇತವನ್ನೇ ಅಳತೆಗೋಲಾಗಿಟ್ಟು ಒಂದೊಂದರ ಪ್ರಮಾಣವನ್ನು ಬೇರೆಬೇರೆಯಾಗಿ ಲೆಕ್ಕ ಹಾಕುವ ಮಾರ್ಗವುಂಟು. ಅಲ್ಲಿಯೂ ಅಂಗಾಂಶದಲ್ಲಿ ನೀರೆಷ್ಟಿದೆಯೆಂದು ಅಂದಾಜು ಮಾಡಬೇಕು, ಸಂಕೇತ ಕ್ಷೀಣಿಸುವ ವೇಗಕ್ಕೆ ತಿದ್ದುಪಡಿ ಮಾಡಬೇಕು. ಊತವಿದ್ದಲ್ಲಿ ಇವೆರಡೂ ಬದಲಾಗುತ್ತವೆ. ಸಾಲದ್ದಕ್ಕೆ ಶಿಖರಗಳು ಒಂದರ ಮೇಲೊಂದು ಬೀಳುತ್ತವೆ. 1993ರಲ್ಲಿ ಸ್ಟೀಫನ್ ಪ್ರೊವೆಂಚರ್ ಪ್ರಕಟಿಸಿದ ವಿಧಾನವು ಪ್ರತಿ ಪದಾರ್ಥದ ಶುದ್ಧ ರೋಹಿತವನ್ನು ಮೊದಲೇ ಇಟ್ಟುಕೊಂಡು, ಯಾವುದನ್ನು ಎಷ್ಟು ಬೆರೆಸಿದರೆ ರೋಗಿಯ ರೋಹಿತಕ್ಕೆ ಹೊಂದುವುದೆಂದು ಹುಡುಕುತ್ತದೆ. ತನ್ನ ಉತ್ತರ ಎಷ್ಟರಮಟ್ಟಿಗೆ ಸಂದೇಹಾಸ್ಪದವೆಂಬುದನ್ನೂ ಶೇಕಡಾವಾರು ಹೇಳುತ್ತದೆ. ಹಲವು ಓಲೆಪ್ರತಿಗಳನ್ನು ಎದುರಿಟ್ಟು ಪಾಠನಿರ್ಣಯಕ್ಕೆ ಹೆಣಗಿದವರಿಗೆ ಈ ವಿನಯ ಹೊಸದಲ್ಲ. ನಮ್ಮ ಸಂಪಾದಕರೆಲ್ಲರಿಗೂ ಅದಿತ್ತೆಂದು ಮಾತ್ರ ಹೇಳಲಾರೆ.

ಹಾಗೆ ಬಿಡಿಸಿ ಎಣಿಸಿದಾಗ ತಮ್ಮನ ಕೋಲೀನ್ ಮಿದುಳಿನ ಎದುರು ಬದಿಯ ಆರೋಗ್ಯವಂತ ಭಾಗದಲ್ಲಿರುವಷ್ಟೇ ಇತ್ತು. ಕುಸಿದದ್ದು ಕ್ರಿಯಾಟಿನ್. ಆದರೂ ವೈದ್ಯರು ಭರವಸೆಯ ಮಾತಾಡಲಿಲ್ಲ. ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಎಂಟು ವಾರ ಬಿಟ್ಟು ಮತ್ತೆ ಚಿತ್ರ ತೆಗೆಯೋಣವೆಂದರು. ಆ ಎಂಟು ವಾರ ನಮ್ಮ ಮನೆಯಲ್ಲಿ ಯಾರೂ ಲೆಕ್ಕದ ಮಾತೆತ್ತಲಿಲ್ಲ. ಎರಡನೆಯ ಚಿತ್ರದಲ್ಲಿ ಮಚ್ಚೆ ಕುಗ್ಗಿತ್ತು.