ನೀರಿನ ಗಡಿ ಮೊದಲು, ಪರವಾನಗಿ ಅನಂತರ



ಕೆರೆ, ಕಾಲುವೆ, ಅಳಿವೆ, ಜೌಗು ನೆಲಗಳ ಅಂಚಿನಲ್ಲಿ ನಡೆಯುವ ನಿರ್ಮಾಣಗಳಿಗೆ ಸರ್ಕಾರ ಕೊಡುವ ಅನುಮತಿಗಳನ್ನು ಸರಳಗೊಳಿಸಬೇಕೆಂಬ ಬೇಡಿಕೆ ಹೊಸದಲ್ಲ, ನಿರಾಧಾರವೂ ಅಲ್ಲ. ಬೆಂಗಳೂರಿನ ಕೆರೆಯೊಂದರ ಆಸುಪಾಸಿನಲ್ಲಿ ವಸತಿ ಸಮುಚ್ಚಯ ಕಟ್ಟಲು ಹೊರಟವರು ಕಂದಾಯ ಇಲಾಖೆಯಿಂದ ಭೂಪರಿವರ್ತನೆಯ ಆದೇಶವನ್ನೂ, ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾತಿಯನ್ನೂ, ಜಲಮಂಡಳಿಯಿಂದ ನಿರಾಕ್ಷೇಪಣಾ ಪತ್ರವನ್ನೂ, 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನೂ ಪಡೆಯಬೇಕಾಗುತ್ತದೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿತೆಂದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಪೂರ್ವಾನುಮತಿಯೂ ಸೇರಿಕೊಳ್ಳುತ್ತದೆ. ಒಂದೇ ಸರ್ವೆ ನಂಬರಿನ ಕಡತ ಇಷ್ಟೂ ಕಚೇರಿಗಳನ್ನು ಸುತ್ತುವಾಗ, ಮಿಕ್ಕವರು ಸ್ಥಳ ನೋಡಿಯೇ ಇರುತ್ತಾರೆಂಬ ನಂಬಿಕೆಯಲ್ಲಿ ಪ್ರತಿಯೊಂದು ಕಚೇರಿಯೂ ಸಹಿ ಹಾಕುವ ಸಾಧ್ಯತೆ ಇದ್ದೇ ಇರುತ್ತದೆ. ಅರ್ಜಿದಾರನಿಗೆ ವಿಳಂಬ, ನೀರಿಗೆ ನಷ್ಟ: ಎರಡೂ ಒಟ್ಟಿಗೇ ಉಂಟಾಗುವ ವಿಚಿತ್ರ ವ್ಯವಸ್ಥೆ ಇದು.

ಆದರೆ ವಿಳಂಬಕ್ಕೆ ಮೇಜುಗಳ ಸಂಖ್ಯೆಯೊಂದೇ ಕಾರಣವೆಂದು ತಿಳಿದು, ಮೇಜುಗಳನ್ನು ಕಡಿಮೆ ಮಾಡಿದರೆ ಕೆಲಸ ಮುಗಿಯಿತೆಂದು ಭಾವಿಸುವುದು ರೋಗದ ಮೂಲವನ್ನು ಬಿಟ್ಟು ಲಕ್ಷಣವನ್ನು ಹಿಡಿದಂತಾಗುತ್ತದೆ. ಅನುಮತಿಗಳು ವರ್ಷಗಟ್ಟಲೆ ನಿಲ್ಲುವುದಕ್ಕೂ, ಕೊಟ್ಟ ಅನುಮತಿಗಳು ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗುವುದಕ್ಕೂ ಬಹುಪಾಲು ಕಾರಣ, ನೀರು ಎಲ್ಲಿಯವರೆಗೆ ಇದೆ ಎಂಬ ಮೊದಲ ಪ್ರಶ್ನೆಯನ್ನು ಯಾರೂ ಮುಂಚಿತವಾಗಿ ತೀರ್ಮಾನಿಸದೆ ಇರುವುದೇ ಎಂಬುದು ಈ ಸಮ್ಮೇಳನದ ಪೀಠದ ಖಚಿತ ಅಭಿಪ್ರಾಯ.

ಬಫರ್ ವಲಯದ, ಅಂದರೆ ಜಲಮೂಲದ ಅಂಚಿನಲ್ಲಿ ಕಟ್ಟಡಕ್ಕೆ ಅವಕಾಶವಿಲ್ಲದ ಪಟ್ಟಿಯ, ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ ಕೆರೆಗಳ ಸುತ್ತ 30 ಮೀಟರ್ ಬಿಡಬೇಕೆಂದು ಹೇಳಿ, ರಾಜಕಾಲುವೆಗಳನ್ನು, ಎಂದರೆ ಒಂದು ಕೆರೆಯ ಕೋಡಿ ನೀರನ್ನು ಮುಂದಿನ ಕೆರೆಗೆ ಒಯ್ಯುವ ಮಳೆನೀರಿನ ಹಾದಿಗಳನ್ನು, ಮೂರು ದರ್ಜೆಗಳಾಗಿ ವಿಂಗಡಿಸಿ ಕ್ರಮವಾಗಿ 50, 25 ಮತ್ತು 15 ಮೀಟರ್ ಅಂತರವನ್ನು ಕಾಲುವೆಯ ನಡುಗೆರೆಯಿಂದ ಅಳೆಯಬೇಕೆಂದು ನಿಗದಿಪಡಿಸಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಾಗದಲ್ಲಿ ಏಳುತ್ತಿದ್ದ ಬೃಹತ್ ಕಟ್ಟಡಗಳ ವಿರುದ್ಧ ಬಂದ ದೂರುಗಳನ್ನು ವಿಚಾರಿಸಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಿನಲ್ಲಿ ಕೆರೆಗಳಿಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಅಂತರವನ್ನು ಹಿಗ್ಗಿಸಿತಲ್ಲದೆ, ಕಾಲುವೆಯ ಅಳತೆ ನಡುಗೆರೆಯಿಂದಲ್ಲ, ಅಂಚಿನಿಂದ ಆರಂಭವಾಗಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಶಾಸನಬದ್ಧ ಮಹಾಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂಬ ಕಾರಣದಿಂದ ಆ ಭಾಗವನ್ನು ರದ್ದುಪಡಿಸಿದ್ದರಿಂದ ಹಳೆಯ ಅಳತೆಗಳೇ ಮರಳಿದವು. ಹೀಗೆ ಮೂರು ವರ್ಷದ ಅವಧಿಯಲ್ಲಿ ಒಂದೇ ನಿವೇಶನ ಒಮ್ಮೆ ಕಟ್ಟಬಹುದಾದ ನೆಲವಾಗಿ, ಮತ್ತೊಮ್ಮೆ ಕಟ್ಟಬಾರದ ನೆಲವಾಗಿ, ಮಗದೊಮ್ಮೆ ಕಟ್ಟಬಹುದಾದ ನೆಲವಾಗಿ ಮಾರ್ಪಟ್ಟಿತು. ಕೆರೆಯೇನೋ ಇದ್ದಲ್ಲೇ ಇತ್ತು. ಸಾಲದೆಂಬಂತೆ, ಕೇಂದ್ರದ 2017ರ ಜೌಗುಭೂಮಿ ನಿಯಮಗಳು ಶಾಶ್ವತ ಕಟ್ಟಡಕ್ಕೆ 50 ಮೀಟರ್ ಅಂತರ ಬಯಸುತ್ತವೆ, ಅದನ್ನೂ ನಿಯಮಗಳು ಜಾರಿಗೆ ಬರುವುದಕ್ಕೆ ಹಿಂದಿನ ಹತ್ತು ವರ್ಷಗಳ ಸರಾಸರಿ ಗರಿಷ್ಠ ನೆರೆಮಟ್ಟದಿಂದ ಅಳೆಯಬೇಕೆನ್ನುತ್ತವೆ. ಮಹಾಯೋಜನೆಯಾದರೋ ಕೆರೆಯ ಎಲ್ಲೆಗೆ ಕಂದಾಯ ದಾಖಲೆಯನ್ನು ನಂಬುತ್ತದೆ. ನೆರೆಮಟ್ಟವೂ ಕಂದಾಯದ ಗೆರೆಯೂ ಒಂದೇ ಆಗಿರಬೇಕೆಂದೇನೂ ಇಲ್ಲ.

ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ಅನ್ನು ಶ್ರೇಣೀಕರಿಸಿ, ದೊಡ್ಡ ಕೆರೆಗಳಿಗೆ 30 ಮೀಟರ್ ಉಳಿಸಿ ಚಿಕ್ಕವಕ್ಕೆ ಇಳಿಸುವ ತಿದ್ದುಪಡಿ 2025ರಲ್ಲಿ ರಾಜ್ಯದ ವಿಧಾನಮಂಡಲದ ಮುಂದೆ ಬಂದುದೂ ಸರಳೀಕರಣದ ಹೆಸರಿನಲ್ಲಿಯೇ. ಲೆಕ್ಕಕ್ಕೆ ಇದು ಅನುಕೂಲ. ಆದರೆ ಬೆಂಗಳೂರು ಮತ್ತು ಕೋಲಾರ ಸೀಮೆಯ ಕೆರೆಗಳು ಬಿಡಿಬಿಡಿಯಾದ ಕೊಳಗಳಲ್ಲ, ಮೇಲಿನ ಕಟ್ಟೆ ತುಂಬಿದ ಮೇಲೆ ಕೆಳಗಿನ ಕೆರೆಗೆ ಹರಿಯುವ ಸರಣಿಗಳು. ಸರಣಿಯ ತಲೆಯಲ್ಲಿರುವ ಎರಡು ಎಕರೆಯ ಕುಂಟೆ ಮುಚ್ಚಿದರೆ ಅದರ ನೀರು ಕೆಳಗಿನ ಬಡಾವಣೆಯ ರಸ್ತೆಯನ್ನು ಹುಡುಕಿಕೊಂಡು ಹೋಗುತ್ತದೆಂಬುದನ್ನು 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನವರು ಕಂಡಿದ್ದಾರೆ. ಎಕರೆ ಲೆಕ್ಕದಲ್ಲಿ ಚಿಕ್ಕದಾದುದು ಹರಿವಿನ ಲೆಕ್ಕದಲ್ಲಿ ಚಿಕ್ಕದಾಗಿರಬೇಕಿಲ್ಲ.

ಅಳತೆಗಿಂತಲೂ ಗಂಭೀರವಾದುದು ವ್ಯಾಖ್ಯೆಯ ಪ್ರಶ್ನೆ. ಇರಾನಿನ ರಾಮ್ಸಾರ್ ನಗರದಲ್ಲಿ 1971ರಲ್ಲಿ ರೂಪುಗೊಂಡು 1982ರಲ್ಲಿ ಭಾರತ ಸೇರಿದ ಒಪ್ಪಂದ, ಸಹಜವಾಗಿರಲಿ ಕೃತಕವಾಗಿರಲಿ, ನೀರು ನಿಲ್ಲುವ ಅಥವಾ ಹರಿಯುವ ಜೌಗು ನೆಲಗಳನ್ನೆಲ್ಲ ಜೌಗುಭೂಮಿಯೆಂದು ಪರಿಗಣಿಸುತ್ತದೆ. ಕೇಂದ್ರ ಸರ್ಕಾರದ 2017ರ ಜೌಗುಭೂಮಿ ನಿಯಮಗಳು ಅದೇ ವ್ಯಾಖ್ಯೆಯಿಂದ ಆರಂಭಿಸಿ, ನದಿಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿ ಮನುಷ್ಯರು ನಿರ್ಮಿಸಿದ ಜಲಾಶಯ, ಇವನ್ನು ಹೊರಗಿಡುತ್ತವೆ. ಕರ್ನಾಟಕದ ಮಟ್ಟಿಗೆ ಈ ವಿನಾಯಿತಿಯೇ ಮುಖ್ಯ ವಿಧಿಯನ್ನು ನುಂಗಿಬಿಡುತ್ತದೆ, ಏಕೆಂದರೆ ಬಯಲುಸೀಮೆಯ ಕೆರೆಗಳು ಬಹುಪಾಲು ಏರಿ ಕಟ್ಟಿ, ತೂಬು ಇಟ್ಟು, ಅಚ್ಚುಕಟ್ಟಿಗೆ ನೀರು ಹಾಯಿಸಲೆಂದೇ ನಿರ್ಮಿಸಿದವುಗಳು. ಅಚ್ಚುಕಟ್ಟಿನ ಗದ್ದೆಗಳು ಲೇಔಟುಗಳಾಗಿ ಎಷ್ಟೋ ಕಾಲವಾದ ಮೇಲೂ ಕಾಗದದ ಮೇಲೆ ಆ ಕೆರೆ ನೀರಾವರಿ ಕೆರೆಯಾಗಿಯೇ ಉಳಿದು, ಅದೇ ಕಾರಣಕ್ಕೆ ರಕ್ಷಣೆಯನ್ನು ಕಳೆದುಕೊಳ್ಳುವ ಸಂಭವವಿದೆ. ಅತ್ತ ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ, ಉಪಗ್ರಹ ಚಿತ್ರಗಳ ನೆರವಿನಿಂದ ಗುರುತಿಸಲಾದ ದೇಶದ 2,01,503 ಜೌಗುಭೂಮಿಗಳಿಗೆ ಹಿಂದಿನ 2010ರ ಜೌಗುಭೂಮಿ ನಿಯಮಗಳ ನಿರ್ಬಂಧಗಳ ತತ್ತ್ವವನ್ನು ಅನ್ವಯಿಸಬೇಕೆಂದು ಆದೇಶಿಸಿದೆ. ನಿಯಮ ಬಿಟ್ಟದ್ದನ್ನು ಆದೇಶ ಹಿಡಿದಿರಬಹುದು, ಆದೇಶದ ಪಟ್ಟಿಯಲ್ಲಿ ಸೇರದಷ್ಟು ಚಿಕ್ಕದನ್ನು ಎರಡೂ ಬಿಟ್ಟಿರಬಹುದು. ಈ ಗೊಂದಲದ ನಡುವೆ ಏಕಗವಾಕ್ಷಿಯನ್ನು, ಅಂದರೆ ಎಲ್ಲ ಅರ್ಜಿಗಳನ್ನೂ ಒಂದೇ ಕಡೆ ಸ್ವೀಕರಿಸುವ ವ್ಯವಸ್ಥೆಯನ್ನು, ತೆರೆದರೆ ಗೊಂದಲವೂ ಅದೇ ಗವಾಕ್ಷಿಯಿಂದ ಬೇಗನೆ ಹೊರಬರುತ್ತದೆ, ಅಷ್ಟೆ.

ಅಮೆರಿಕದ ಅನುಭವದಲ್ಲಿ ಈ ಸಮ್ಮೇಳನ ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿಯ 1972ರ ಶುದ್ಧ ಜಲ ಕಾಯ್ದೆಯ 404ನೇ ಪ್ರಕರಣದಂತೆ ಜಲಮೂಲಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಸೇನೆಯ ಎಂಜಿನಿಯರ್ ದಳದ ಪರವಾನಗಿ ಬೇಕು. ಅಲ್ಪ ಪರಿಣಾಮದ ಕಾಮಗಾರಿಗಳಿಗೆ ಪೂರ್ವನಿಗದಿತ ಷರತ್ತುಗಳುಳ್ಳ ಸಾಮಾನ್ಯ ಪರವಾನಗಿಗಳಿದ್ದು, ಅವುಗಳ ಅವಧಿ ಐದು ವರ್ಷವನ್ನು ಮೀರುವಂತಿಲ್ಲ. ದೊಡ್ಡ ಕಾಮಗಾರಿಗಳಿಗೆ ಮೊದಲು ಹಾನಿಯನ್ನು ತಪ್ಪಿಸುವುದು, ತಪ್ಪಿಸಲಾಗದಿದ್ದರೆ ತಗ್ಗಿಸುವುದು, ಉಳಿದದ್ದಕ್ಕೆ ಪರಿಹಾರ ಒದಗಿಸುವುದು ಎಂಬ ಕ್ರಮದಲ್ಲಿ ಪ್ರತ್ಯೇಕ ಪರಿಶೀಲನೆ ನಡೆಯುತ್ತದೆ. ಇದೆಲ್ಲಕ್ಕಿಂತ ಮೊದಲು, ತನ್ನ ಜಮೀನಿನಲ್ಲಿ ಕಾಯ್ದೆಗೆ ಒಳಪಡುವ ನೀರು ಎಷ್ಟಿದೆಯೆಂದು ಲಿಖಿತವಾಗಿ ನಿರ್ಣಯಿಸಿಕೊಡುವಂತೆ ಮಾಲೀಕನು ಆ ದಳವನ್ನು ಕೇಳಬಹುದು. ಅಧಿಕೃತ ನಿರ್ಣಯ ಸಾಮಾನ್ಯವಾಗಿ ಐದು ವರ್ಷ ಊರ್ಜಿತವಾಗಿರುತ್ತದೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲೂ ಅವಕಾಶವಿದೆ. ಅನುಕರಣೀಯವಾದುದು ಹೀಗೆ ಮುಂಚಿತವಾಗಿ ನಿರ್ಣಯಿಸುವ ಈ ಪದ್ಧತಿ. ಅನುಕರಿಸಬಾರದ್ದೂ ಅಲ್ಲಿಯೇ ಇದೆ: 2023ರ ಸ್ಯಾಕೆಟ್ ಪ್ರಕರಣದ ತೀರ್ಪಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಮೇಲ್ಮೈಯಲ್ಲಿ ನಿರಂತರ ಸಂಪರ್ಕವಿಲ್ಲದ ಜೌಗುಭೂಮಿಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದ್ದರಿಂದ, ಆ ನೆಲಗಳಲ್ಲಿ ಕೇಂದ್ರದ ಪರವಾನಗಿಯೇ ಬೇಡವಾಯಿತು. ವ್ಯಾಖ್ಯೆಯನ್ನು ಕುಗ್ಗಿಸುವುದಕ್ಕಿಂತ ಸುಲಭವಾದ ಸರಳೀಕರಣ ಇನ್ನೊಂದಿಲ್ಲ.

ಸರಳೀಕರಣದ ಹೆಸರಿನಲ್ಲಿಯೇ ಕೇಳಿಬರುವ, ಗಡುವು ಮೀರಿದರೆ ಅನುಮತಿ ದೊರೆತಂತೆಯೇ ಎಂದು ಭಾವಿಸುವ ಪದ್ಧತಿಯ ಬಗೆಗೂ, ಪ್ರಮಾಣಪತ್ರವೊಂದನ್ನು ಸಲ್ಲಿಸಿ ಕಟ್ಟಡ ಆರಂಭಿಸುವ ಪದ್ಧತಿಯ ಬಗೆಗೂ ಹೆಚ್ಚು ಹೇಳಬೇಕಿಲ್ಲ. ತಪ್ಪಾಗಿ ಕೊಟ್ಟ ಅಂಗಡಿಯ ಪರವಾನಗಿಯನ್ನು ಹಿಂಪಡೆದರೆ ಅಂಗಡಿ ಮುಚ್ಚುತ್ತದೆ. ಮುಚ್ಚಿದ ಕಾಲುವೆಯ ಅನುಮತಿಯನ್ನು ಹಿಂಪಡೆದರೆ ಕಾಲುವೆ ತೆರೆಯುವುದಿಲ್ಲ. ಗಡುವು ಅಧಿಕಾರಿಗೆ ಇರಲಿ, ಮೀರಿದರೆ ದಂಡವೂ ಅವನಿಗೇ ಬೀಳಲಿ.

ಕರಾವಳಿಯಲ್ಲಿ ಪ್ರಶ್ನೆಯ ರೂಪ ಬೇರೆ. 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆ 4,801 ಹೆಕ್ಟೇರಿನಷ್ಟಿದ್ದು, ಉಪ್ಪುನೀರು ಸಿಹಿನೀರು ಕೂಡುವ ಅದರ ಕೆಸರಿನಲ್ಲಿ ಚಿಪ್ಪುಮೀನು ಆಯುವವರೂ, ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರೂ ಬದುಕು ಕಟ್ಟಿಕೊಂಡಿದ್ದಾರೆ. ಇಂಥಲ್ಲಿ ಒಂದು ಸೇತುವೆ, ಒಂದು ತಡೆಗೋಡೆ, ಒಂದು ಜೆಟ್ಟಿ ಬೇರೆಬೇರೆ ಅರ್ಜಿಗಳಾಗಿ ಬಂದಾಗ ಪ್ರತಿಯೊಂದೂ ನಿರುಪದ್ರವಿಯಾಗಿ ಕಾಣುತ್ತದೆ. ಎಲ್ಲ ಸೇರಿ ಉಬ್ಬರ ಇಳಿತದ ಹಾದಿಯನ್ನೇ ಬದಲಿಸಬಲ್ಲವು. ಅರ್ಜಿಯೊಂದನ್ನು ನೋಡುವ ಕಣ್ಣಿಗೆ ಅಳಿವೆ ಪೂರ್ತಿಯಾಗಿ ಕಾಣಬೇಕಾದರೆ ಅನುಮತಿಯ ಘಟಕ ಸರ್ವೆ ನಂಬರಾಗಿರದೆ ಜಲಾನಯನವಾಗಿರಬೇಕು, ಅಂದರೆ ಒಂದೇ ನೀರಿಗೆ ಮಳೆ ಕೂಡಿಸುವ ಇಡೀ ಪ್ರದೇಶವಾಗಿರಬೇಕು.

ಆದ್ದರಿಂದ ಈ ಸಮ್ಮೇಳನ ಸರ್ಕಾರಕ್ಕೆ ಸಲ್ಲಿಸುವ ನಿರ್ಣಯದಲ್ಲಿ ಕ್ರಮ ತಲೆಕೆಳಗಾಗದಿರಲಿ. ಕಂದಾಯ, ಸಣ್ಣ ನೀರಾವರಿ ಮತ್ತು ಕೆರೆ ಪ್ರಾಧಿಕಾರಗಳು ಗ್ರಾಮನಕ್ಷೆ, ಖರಾಬು ದಾಖಲೆ, ನೆರೆಮಟ್ಟಗಳನ್ನು ಒಟ್ಟಿಗಿಟ್ಟುಕೊಂಡು ಜಂಟಿ ಮೋಜಣಿ ನಡೆಸಿ, ಆಕ್ಷೇಪಣೆಗಳನ್ನು ಆಲಿಸಿ, ಕೆರೆ ಮತ್ತು ಕಾಲುವೆಗಳ ಗಡಿಯನ್ನು ಸರಣಿವಾರು ಪ್ರಕಟಿಸಬೇಕು. ಆ ಗಡಿ ಎಲ್ಲ ಇಲಾಖೆಗಳಿಗೂ ಒಂದೇ ಆಗಿರಬೇಕು. ಅದಾದ ಮೇಲೆ ಹೂಳೆತ್ತುವುದು, ಕೋಡಿ ದುರಸ್ತಿ, ಏರಿ ಬಲಪಡಿಸುವುದು ಮುಂತಾದವಕ್ಕೆ ನಿಗದಿತ ಷರತ್ತುಗಳ ಮೇಲೆ ವಾರಗಳೊಳಗೆ ಅನುಮತಿ ಕೊಡಲು ಅಡ್ಡಿಯಿಲ್ಲ. ಗಡಿ ಪ್ರಕಟವಾಗದ ಜಲಮೂಲದ ಪಕ್ಕದಲ್ಲಿ ಎಂತಹ ಗವಾಕ್ಷಿಯಿಂದಲೂ ಅನುಮತಿ ಹೊರಬರಕೂಡದು. ಜಂಟಿ ಮೋಜಣಿಯ ನಕ್ಷೆಯಿಲ್ಲದ ಯಾವ ಯೋಜನೆಗೂ ಸಹಿ ಹಾಕುವುದಿಲ್ಲವೆಂಬ ತೀರ್ಮಾನವನ್ನು, ಸರ್ಕಾರ ಆದೇಶ ಹೊರಡಿಸುವವರೆಗೆ ಕಾಯದೆ, ಇಲ್ಲಿ ಸೇರಿರುವ ಎಂಜಿನಿಯರುಗಳೂ ವಾಸ್ತುಶಿಲ್ಪಿಗಳೂ ತಾವಾಗಿಯೇ ಕೈಗೊಳ್ಳಬೇಕೆಂದು ಈ ಪೀಠ ವಿನಂತಿಸುತ್ತದೆ.